ಅಮಾವಾಸ್ಯೆಯ ಆಚೆಯ ಹತ್ತೊಂಬತ್ತು ದಿನ

ಹನ್ನೆರಡನೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷದವರೆಗೆ ಕರೆಂಟಿನ ಕಾಲಂನಲ್ಲಿ 42.6 ಇತ್ತು. ನಲವತ್ತೊಂದಕ್ಕೆ ಸೊನ್ನೆ. ಮಧ್ಯಾಹ್ನ ಒಂದು ಗಂಟೆಗೆ 0.3. ಆಮೇಲೆ ಎಷ್ಟು ಕೆಳಗೆ ಸರಿಸಿದರೂ 0.3, 0.2, 0.3.

ನಾನು ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದೆ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಿಂದ ಆ ದಿನವಷ್ಟೇ ಬಸ್ಸಿನವರ ಕೈಯಲ್ಲಿ ಮೆಮೊರಿ ಕಾರ್ಡ್ ತರಿಸಿಕೊಂಡಿದ್ದೆ. ಎಂ.ಟೆಕ್‌ನ ಕೊನೆಯ ಸೆಮಿಸ್ಟರ್. ಉಳಿದದ್ದು ಪ್ರಾಜೆಕ್ಟ್ ಮಾತ್ರ. ಮೋಟರಿನ ಬೇರಿಂಗ್ ಒಣಗಿ ಸವೆಯತೊಡಗಿದರೆ ಅದು ಎಳೆಯುವ ಕರೆಂಟಿನಲ್ಲಿ ಸಣ್ಣ ಏರಿಳಿತಗಳು ಕಾಣುತ್ತವೆ. ಅದನ್ನು ನೋಡಿ, ಮೋಟರ್ ಕೆಡುವ ಮೊದಲೇ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದಕ್ಕೆ ಒಂದೇ ಮೋಟರಿನ ಮೂವತ್ತು ದಿನಗಳ ಅಂಕಿಗಳು ಬೇಕಿದ್ದವು. ಹನ್ನೊಂದು ದಿನಗಳವು ಸರಿಯಾಗಿದ್ದವು. ಉಳಿದ ಹತ್ತೊಂಬತ್ತು ದಿನ 0.3. ಪ್ರಬಂಧ ಒಪ್ಪಿಸಲು ಹನ್ನೆರಡು ದಿನ ಬಾಕಿ ಇತ್ತು. ತಪ್ಪಿದರೆ ಇನ್ನೊಂದು ಸೆಮಿಸ್ಟರ್.

ಗಿರಣಿ ಬಂದ್ ಆಗಿರಬೇಕೆಂದುಕೊಂಡೆ. ಅಲ್ಲಿ ಕರೆಂಟಿನ ಕೆಲಸ ನೋಡುವ ಹಿರಿಯರಿಗೆ ಫೋನ್ ಮಾಡಿದೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

"ಬಂದಾ? ಸುಗ್ಗಿಯಾಗ ಯಾವ ಮಿಲ್ಲು ಬಂದ್ ಇರ್ತೈತಿ ಯವ್ವಾ? ಹಗಲೂ ರಾತ್ರಿ ಓಡಾಕತ್ತೈತಿ. ಇಲ್ಲಿ ನಿಂದರಾಕ ಪುರಸತ್ತಿಲ್ಲ ನಮಗ."

ಮರುದಿನ ಸಿಂಧನೂರಿನ ಬಸ್ ಹತ್ತಿದೆ. ಗಿರಣಿಯ ಪ್ಯಾನಲ್ ಪೆಟ್ಟಿಗೆಯ ಬಾಗಿಲು ತೆರೆದಾಗ ಉತ್ತರ ಎದುರಿಗೇ ಇತ್ತು. ನನ್ನ ಕ್ಲಾಂಪಿನ ಮೇಲೆ ವಿಭೂತಿಯ ಮೂರು ಪಟ್ಟಿ, ನಡುವೆ ಕುಂಕುಮದ ಬೊಟ್ಟು. ಕ್ಲಾಂಪ್ ಎಂದರೆ ತಂತಿಯ ಸುತ್ತ ಬಳೆಯಂತೆ ಕೂರುವ ಉಪಕರಣ. ಒಳಗೆ ಹರಿಯುವ ಕರೆಂಟನ್ನು ಹೊರಗಿನಿಂದಲೇ ಅಳೆಯುತ್ತದೆ. ನಾನು ಅದನ್ನು ಕೆಂಪು ತಂತಿಯೊಂದಕ್ಕೇ ಹಾಕಿದ್ದೆ. ಈಗ ಅದು ಕೆಂಪು, ಹಳದಿ, ನೀಲಿ ಮೂರನ್ನೂ ಒಟ್ಟಿಗೆ ಅಪ್ಪಿಕೊಂಡಿತ್ತು. ಮೂರು ತಂತಿಗಳ ಕರೆಂಟು ಒಂದರ ಎದುರಿಗೊಂದು ಕಳೆದುಹೋಗುತ್ತದೆ. ಒಟ್ಟಿಗೆ ಅಳೆದರೆ ಮೋಟರ್ ಎಷ್ಟೇ ಓಡಲಿ, ಸಿಗುವುದು ಹೆಚ್ಚುಕಡಿಮೆ ಸೊನ್ನೆ.

"ಅಮಾಸಿ ದಿನ ಎಲ್ಲಾ ಬಿಚ್ಚಿ ಒರಸ್ತೀವಿ ಯವ್ವಾ, ಪೂಜಿ ಇರ್ತೈತಲ್ಲ," ಎಂದರು ಕಾಕಾ. "ನಿಂದು ಜೋತು ಬಿದ್ದಿತ್ತು. ಮೂರಕ್ಕೂ ಕೂಡಿಸಿ ಹಾಕಿದ್ರ ಗಟ್ಟಿ ಕುಂದರತೈತಿ ಅಂತ ನಾನs ಹಾಕೀನಿ. ನೋಡು, ಅಳಗ್ಯಾಡಂಗಿಲ್ಲ."

ನಿಜ, ಅಲುಗಾಡುತ್ತಿರಲಿಲ್ಲ.

"ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆನಲ್ರಿ ಕಾಕಾ."

"ಹೇಳಿದ್ದಿ. ಯಾಕ ಅಂತ ಹೇಳಿದ್ದಿಯೇನು? ಕರೆಂಟ್ ಹೊಡಿತೈತಿ ಅಂತ ಹೇಳಾಕತ್ತಾಳ ಹುಡುಗಿ, ಪಾಪ, ನಮ್ಮ ಮ್ಯಾಲೆ ಭಾಳ ಕಾಳಜಿ ಐತಿ ಅಂದ್ಕೊಂಡೆ. ಮೂವತ್ತು ವರ್ಷ ಕರೆಂಟಿನ ಜೋಡಿ ಬಾಳೇವು ಮಾಡೀನಿ, ನನಗೇನ್ ಹೊಡಿತೈತಿ ಅದು."

ತೌಡು ಗುಡಿಸುತ್ತಿದ್ದ ಹೆಂಗಸು ಕಸಬರಿಗೆ ನಿಲ್ಲಿಸಿ, "ವಿಭೂತಿ ಹಚ್ಚಿದಾಕಿ ನಾನs. ದೇವರಿಗೆ ಹಚ್ಚಿದ್ರ ಲೆಕ್ಕ ತಪ್ಪತೈತೇನಬೇ?" ಎಂದಳು.

"ವಿಭೂತಿಯಿಂದ ಅಲ್ರಿ," ಎಂದೆ. ಕ್ಲಾಂಪನ್ನು ಹಾಗೇ ಬಿಟ್ಟು ಪೆಟ್ಟಿಗೆಯ ಬಾಗಿಲು ಮುಚ್ಚಿದೆ.

ಅವರನ್ನು ಬೈಯುವಂತೆಯೂ ಇರಲಿಲ್ಲ. ಅದೇ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಅವ್ವ ಹೊಲಿಗೆ ಯಂತ್ರಕ್ಕೆ, ಮಿಕ್ಸರಿಗೆ, ಅಪ್ಪನ ಬೈಕಿಗೆ ವಿಭೂತಿ ಹಚ್ಚಿ, ನನ್ನ ಲ್ಯಾಪ್‌ಟಾಪನ್ನೂ ಬಿಟ್ಟಿರಲಿಲ್ಲ. ನಾನೇ ಬಟ್ಟೆ ತಂದು ಅದನ್ನು ಒರೆಸಿಕೊಟ್ಟಿದ್ದೆ. ಸಿಂಧನೂರಿನ ಗಿರಣಿಯಲ್ಲೂ ಆ ಹೊತ್ತಿಗೆ ಯಾರೋ ಕೈಯಲ್ಲಿ ಬಟ್ಟೆ ಹಿಡಿದಿರುತ್ತಾರೆಂದು ಹೊಳೆಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಾಸ್ಟೆಲಿಗೆ ಹೋದೆ, ಹತ್ತೊಂಬತ್ತು ದಿನ ಕೂತು ಪ್ರಬಂಧದ ಮೊದಲ ನಾಲ್ಕು ಅಧ್ಯಾಯ ಬರೆದೆ. ನನಗೆ ಯಾರಿಗಾದರೂ ಏನನ್ನಾದರೂ ವಿವರಿಸುವುದಕ್ಕಿಂತ ಬರೆಯುವುದು ಸುಲಭ.

ಭಾನುವಾರ ಲಿಂಗಸುಗೂರಿಗೆ ಹೋದೆ. ನನ್ನ ಗೈಡ್ ಅವರ ಮನೆ ಅಲ್ಲಿದೆ. ವಾರದ ಕೊನೆಗೆ ಮಾತ್ರ ಬರುತ್ತಾರೆ. ಅವರು ಲುಂಗಿಯಲ್ಲೇ ಕುಳಿತು ಇನ್ನೊಬ್ಬ ವಿದ್ಯಾರ್ಥಿಯ ಪ್ರಬಂಧ ತಿದ್ದುತ್ತಿದ್ದರು. ಕಣ್ಣು ಕೆಂಪಾಗಿತ್ತು. ಪೂರ್ತಿ ಕೇಳಿ, ಪೆನ್ನು ಮುಚ್ಚಿದರು.

"ಹನ್ನೊಂದು ದಿನದ್ದು ಚಲೋ ಐತಲ್ಲ? ಮೋಟರ್ ಅದs, ಭತ್ತ ಅದs. ಅದನ್ನs ಹಿಂದ ಮುಂದ ಮಾಡಿ ಮೂವತ್ತು ಮಾಡು."

"ಸರ್, ಅದು..."

"ನಾನೇನು ಹೇಳೇ ಇಲ್ಲ ತಗೋ. ವೈವಾಕ್ಕ ಬರೋರು ಸಿಂಧನೂರಿಗೆ ಹೋಗಿ ಮೋಟರ್ ಮುಟ್ಟಿ ನೋಡಂಗಿಲ್ಲ. ಆರು ತಿಂಗಳು ಕಳಕೋತಿಯೇನು? ಮನ್ಯಾಗ ಏನಂತಾರ? ನೀನs ವಿಚಾರ ಮಾಡು. ತಂದ್ರ ಸಹಿ ಮಾಡ್ತೀನಿ, ತರಲಿಲ್ಲಂದ್ರ ಇನ್ನೊಂದು ಸೆಮಿಸ್ಟರಿನ ಅರ್ಜಿಗೂ ಸಹಿ ಮಾಡ್ತೀನಿ."

ಅವರು ಕೆಟ್ಟವರಲ್ಲ. ನನ್ನಷ್ಟೇ ದಣಿದಿದ್ದರು.

ಸಂಜೆ ಮನೆಗೆ ಬಂದು ಅದನ್ನೇ ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಮೂರನೆಯ ದಿನವನ್ನು ಹದಿಮೂರನೆಯ ದಿನವಾಗಿಸಿದೆ, ಐದನೆಯದನ್ನು ಹದಿನಾರನೆಯದು. ಒಂದೇ ತರಹ ಕಾಣಬಾರದೆಂದು ಅಲ್ಲಲ್ಲಿ ಸ್ವಲ್ಪ ಕೂಡಿಸಿದೆ, ಕಳೆದೆ. ಒಂದೂವರೆ ಗಂಟೆ ಹಿಡಿಯಿತು. ಎರಡು ವರ್ಷದಲ್ಲಿ ಯಾವ ಕೆಲಸವೂ ಇಷ್ಟು ಸಲೀಸಾಗಿ ಆಗಿರಲಿಲ್ಲ. ಪ್ರೋಗ್ರಾಂಗೆ ಕೊಟ್ಟೆ. ಅದು ಮೂವತ್ತೂ ದಿನಗಳನ್ನು ಓದಿ, ಬೇರಿಂಗ್ ದಿನೇದಿನೇ ಒಣಗುತ್ತಿದೆ, ಬೇಗ ಗ್ರೀಸ್ ಹಾಕಬೇಕು ಎಂದು ಹೇಳಿತು.

ಆ ಕೊನೆಯ ಮಾತು ಓದಿ ಅನುಮಾನ ಬಂತು. ಕಾಕಾಗೆ ಫೋನ್ ಮಾಡಿ, ಅಮಾವಾಸ್ಯೆಯ ದಿನ ಒರೆಸಿದ್ದು ಬಿಟ್ಟು ಇನ್ನೇನು ಮಾಡಿದಿರಿ ಎಂದು ಕೇಳಿದೆ.

"ಯಾವಾಗಲೂ ಮಾಡೋದs. ಒರಸಿ, ಬೇರಿಂಗಿಗೆಲ್ಲ ಹೊಸಾ ಗ್ರೀಸ್ ತುಂಬೀನಿ, ಟೆಂಗಿನಕಾಯಿ ಒಡದೀವಿ. ಈಗ ಮೋಟರ್ ಎಷ್ಟು ತಣ್ಣಗ ಓಡತೈತಿ ಬಂದು ಕೇಳು. ಯಾಕ, ಅದೂ ತಪ್ಪೈತೇನು?"

"ಇಲ್ರಿ. ಅದು ಸರಿ ಐತಿ."

ನನ್ನ ಪ್ರಬಂಧದ ವಿಷಯವೇ ಅದು. ಗ್ರೀಸ್ ಇಲ್ಲದ ಮೋಟರ್ ಮತ್ತು ಗ್ರೀಸ್ ಹಾಕಿದ ಮೋಟರ್ ಬೇರೆ ಬೇರೆಯಾಗಿ ಕಾಣುತ್ತವೆ ಎಂದು ನಾಲ್ಕು ಅಧ್ಯಾಯ ಬರೆದು, ಐದನೆಯದರಲ್ಲಿ ಗ್ರೀಸ್ ಹಾಕಿದ ಮೋಟರಿಗೆ ಹಳೆಯ ಒಣ ದಿನಗಳನ್ನು ಅಂಟಿಸಿದ್ದೆ. ವೈವಾಕ್ಕೆ ಬರುವ ಪರೀಕ್ಷಕರಿಗೆ ಇದು ಗೊತ್ತಾಗುವುದಿಲ್ಲ. ಗಿರಣಿಯ ಕಾಕಾ ಒಮ್ಮೆ ನೋಡಿದರೆ ನಗುತ್ತಿದ್ದರು. ಫೈಲನ್ನು ಅಳಿಸಿದೆ. ಒಳ್ಳೆಯದೆನಿಸಲಿಲ್ಲ, ಇನ್ನು ಆರು ತಿಂಗಳು ಎಂದಷ್ಟೇ ಅನಿಸಿತು.

ಊಟಕ್ಕೆ ಕರೆಯಲು ಬಂದ ಅವ್ವನಿಗೆ, ಈ ಸಲ ಮುಗಿಯುವುದಿಲ್ಲ ಎಂದೆ. ಅವ್ವ ಬಾಗಿಲಲ್ಲೇ ನಿಂತಳು.

"ಮತ್ತs?"

"ಮುಂದಿನ ಸಲ."

"ನೀ ಓದೋದು ಮುಗಿಯೋದ್ರಾಗ ನಾ ಓದಾಕ ಕಲ್ತಿರ್ತೀನಿ ನೋಡು," ಎಂದಳು. ಒಳಗೆ ಹೋಗುತ್ತಾ, "ರೊಟ್ಟಿ ಆರತಾವ, ಏಳು," ಎಂದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಮರುದಿನ ಬೆಳಿಗ್ಗೆ ಗೈಡ್ ಅವರಿಗೆ, ಅರ್ಜಿಗೆ ಸಹಿ ಬೇಕು ಎಂದು ಒಂದು ಸಾಲಿನ ಸಂದೇಶ ಕಳಿಸಿ ಏಳೂವರೆಯ ಬಸ್ಸಿಗೆ ಸಿಂಧನೂರಿಗೆ ಹೋದೆ. ಕಾಕಾ ಹತ್ತು ನಿಮಿಷ ಮೋಟರ್ ನಿಲ್ಲಿಸಿಕೊಟ್ಟರು. ಕ್ಲಾಂಪ್ ಬಿಚ್ಚಿ ಕೆಂಪು ತಂತಿಯೊಂದಕ್ಕೇ ಹಾಕಿದೆ, ಜೋತು ಬೀಳದಂತೆ ಟೇಪ್ ಸುತ್ತಿದೆ. ಆಮೇಲೆ ಭತ್ತದ ಚೀಲದ ಮೇಲೆ ಕುಳಿತು, ಮೂರು ತಂತಿಗಳನ್ನು ಒಟ್ಟಿಗೆ ಹಿಡಿದರೆ ಸೊನ್ನೆ ಯಾಕೆ ಬರುತ್ತದೆ ಎಂದು ಕಾಕಾಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಎರಡು ಸಲ ಕೇಳಿದರು. ಎರಡು ಸಲ ಹೇಳಿದೆ.