ಅತ್ತೆ ಮೀನು ಬಿಟ್ಟರು

ನಮ್ಮ ಅತ್ತೆ ಮೀನು ಬಿಟ್ಟರು.

ಗೇಟಿನ ಬಳಿ ಮೀನಿನ ಬುಟ್ಟಿ ಇಳಿಸುವ ದೇವಕಿಗೆ ಹೇಳಿದರೆ ಅವಳು ನಂಬಲೇ ಇಲ್ಲ. ಯಾರು ನಂಬುತ್ತಾರೆ ಹೇಳಿ? ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಒಳಗೆ ಬಿಡದ ಹೆಂಗಸು ಇವರು. ಸೊಸೆಯಾಗಿ ಕುಂದಾಪುರಕ್ಕೆ ಬಂದ ಮೇಲೆ ಅಡುಗೆಮನೆಯಲ್ಲಿ ನಾನು ಮುಟ್ಟದೇ ಉಳಿದದ್ದು ಅವರ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆಯೊಂದೇ. ಕುಕ್ಕರುಗಾಲಲ್ಲಿ ಕೂತು, ಹಲಗೆಯನ್ನು ಪಾದದಡಿ ಒತ್ತಿ ಹಿಡಿದು ಅವರೇ ಮೀನು ಕೊಯ್ಯಬೇಕು. (ನಾನು ಬಾರ್ಕೂರಿನವಳು. ಬಾರ್ಕೂರಿನವರಿಗೆ ಮೀನು ಕೊಯ್ಯಲು ಬರುವುದಿಲ್ಲವಂತೆ!)

ಕಾರಣ ತೊಡೆ ನೋವು. ಹಾರ್ಟ್ ಡಾಕ್ಟರು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟ ಕೆಲವೇ ವಾರಗಳಲ್ಲಿ ಶುರುವಾಗಿತ್ತು. ವಂಡ್ಸೆಯ ಚಿಕ್ಕಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: ನಂಜು, ನಂಜಿನ ಪದಾರ್ಥವೆಲ್ಲ ಬಿಡಬೇಕು. ನಮ್ಮ ಕಡೆ ಯಾವ ನೋವಿಗೆ ನಂಜು ಕಾರಣವಲ್ಲ? ಮೊದಲು ಬದನೆಕಾಯಿ ಹೋಯಿತು. ಆಮೇಲೆ ಬಂಗುಡೆ. ಮಾತ್ರೆ ಮಾತ್ರ ತಪ್ಪದೆ ನಡೆಯಿತು.

ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಅನುಮಾನ. ಒಂದು ಬೆಳಿಗ್ಗೆ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈ ಮಾತ್ರೆಯಿಂದ ಕೆಲವರಿಗೆ ಹೀಗೆ ಸ್ನಾಯು ನೋವು ಬರುತ್ತದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಗದರಿದರು. ರಕ್ತ ಪರೀಕ್ಷೆ ಮಾಡಿಸಿ ಬೇರೆ ಮಾತ್ರೆ ಬರೆದರು. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಎಂದೂ ಎಚ್ಚರಿಸಿದರು. ಮೀನು? ಧಾರಾಳವಾಗಿ ತಿನ್ನಿ, ಎಣ್ಣೆಯಲ್ಲಿ ಕರಿಯಬೇಡಿ ಅಷ್ಟೇ.

ನನಗೆ ಖುಷಿಯೋ ಖುಷಿ. ಇವತ್ತೇ ಬಂಗುಡೆ ಪುಳಿಮುಂಚಿ ಮಾಡುವ, ನಾನೇ ಕೊಯ್ಯುತ್ತೇನೆ ಎಂದೆ. ಅತ್ತೆಯ ಮುಖ ಬಾಡಿತು. ವಾಪಸು ಬರುವ ರಿಕ್ಷಾ ಶಾಸ್ತ್ರಿ ಸರ್ಕಲ್ ದಾಟಿತು.

"ನಂಜೂ ಇಲ್ಲೆ, ಎಂತದೂ ಇಲ್ಲೆ ಮಾರಾಯ್ತಿ," ಎಂದರು ಕೊನೆಗೆ. "ಕತ್ತಿ ಎದ್ರ್ ಕೂಕಂಡ್ರೆ ಏಳೂಕೆ ಆತಿಲ್ಲೆ. ನನ್ನ್ ಜಾಗದಗೆ ನೀ ಕೂಕಂಬುದ್ ಕಾಂಬ್ಕೆ ಮನ್ಸ್ ಬರ್ಲಿಲ್ಲೆ. ಅದ್ಕೆ ಮೀನೇ ಬ್ಯಾಡ ಅಂದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕತ್ತಿಯೆದುರು ನನ್ನನ್ನು ನೋಡಲಾರದೆ, ಒಂದು ಕತ್ತಿಗಾಗಿ ಈ ಪುಣ್ಯಾತ್ಗಿತ್ತಿ ಬಂಗುಡೆಯನ್ನೇ ತ್ಯಾಗ ಮಾಡಿದ್ದರು! ಅವರ ಕೈ ಹಿಡಿದುಕೊಂಡೆ.

ಹೊಸ ಮಾತ್ರೆಗೆ ನೋವು ಅರ್ಧಕ್ಕಿಳಿದಿದೆ, ಪೂರ್ತಿ ಹೋಗಿಲ್ಲ. ಕುಕ್ಕರುಗಾಲು ಇನ್ನೂ ಆಗುವುದಿಲ್ಲ. ಹಾಗಾಗಿ ನನ್ನ ಗಂಡ ಬಡಗಿಯನ್ನು ಕರೆಸಿ ಮೆಟ್ಟುಕತ್ತಿಯನ್ನು ಒಂದು ಗಿಡ್ಡ ಬೆಂಚಿಗೆ ಬಿಗಿಸಿಕೊಟ್ಟಿದ್ದಾರೆ. ಅತ್ತೆ ಅದರ ಮೇಲೆ ಕುದುರೆ ಏರಿದ ಹಾಗೆ ಕೂತು ಮೀನು ಕೊಯ್ಯುತ್ತಾರೆ. ನಾನು ತೊಳೆದುಕೊಡುತ್ತೇನೆ. (ಅದೂ ಸರಿಯಾಗಲಿಲ್ಲವಂತೆ.)

ನಿಮ್ಮ ಮನೆಯಲ್ಲೂ ಯಾರಾದರೂ ಇಷ್ಟದ್ದೊಂದನ್ನು ಇದ್ದಕ್ಕಿದ್ದಂತೆ ಬೇಡ ಅಂದಿದ್ದಾರಾ? ಬೇಡವೋ, ಆಗುವುದಿಲ್ಲವೋ, ಕೇಳಿದ್ದೀರಾ?