ಜಪಾನಿನ ತುಳಸಿಕಟ್ಟೆ

ಈ ಅಂಕಣದಲ್ಲಿ ಈ ವಿಷಯ ಬರೆಯುವುದನ್ನು ಎಷ್ಟು ವಾರ ಮುಂದೂಡಿದ್ದೇನೋ ನನಗೇ ಲೆಕ್ಕವಿಲ್ಲ. ಬರೆಯಲು ಕೂರುವುದು, ಧೈರ್ಯ ಸಾಲದೆ ಪುಣೆಯ ಬಸ್ಸುಗಳನ್ನು ಬೈದು ಎದ್ದುಬಿಡುವುದು. (ಬಸ್ಸಿನ ಮೇಲೆ ನಿಮಗೆ ಯಾಕಿಷ್ಟು ಸಿಟ್ಟು ಎಂದು ಕೇಳುತ್ತಿದ್ದಿರಲ್ಲ? ಕಾರಣ ಇದೇ.)

ಹೋದ ವಾರ ನಮ್ಮವರ ಮದುವೆಯೊಂದರಲ್ಲಿ ಸಿಕ್ಕಿಬಿದ್ದೆ. ಊಟಕ್ಕೆ ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನೇ ನೋಡಿ, "ಲಕ್ಷ್ಮಿ ರಸ್ತಾದಾಗ ಫ್ಯಾನ್ಸಿ ಅಂಗಡಿ ಇಟ್ಟಿದ್ರಲ್ಲ, ನೀವ ಹೌದಲ್ರಿ? ನಿಮ್ಮ ಅಂಕಣ ಪ್ರತಿ ವಾರ ಓದ್ತೀನ್ರಿ" ಎಂದರು. ನಾನು ಉಬ್ಬಿಹೋದೆ. ಆಗ ಅವರು ಹೆಗಲ ಮೇಲಿನ ಸೆರಗು ತೋರಿಸಿದರು. ನೆರಿಗೆ ಜಾರದಂತೆ ಹಿಡಿದಿತ್ತು ರೂಪಾಯಿ ಅಗಲದ ಒಂದು ಪಿನ್ ಬಿಲ್ಲೆ. ಕುಪ್ಪಸದ ಕೆಂಪು ಖಣದ ಬಟ್ಟೆಯ ಮೇಲೆ ಬಿಳಿ ದಾರದ ತುಳಸಿಕಟ್ಟೆ.

"ನಿಮ್ಮಲ್ಲೇ ತೊಗೊಂಡಿದ್ದು. ಜಪಾನದ್ದು! ಇನ್ನೂ ಬಣ್ಣ ಹೋಗಿಲ್ಲ ನೋಡ್ರಿ. ನಮ್ಮ ಮಂದಿಗೆ ಇಷ್ಟು ಚೊಲೋ ಮಾಡ್ಲಿಕ್ಕೆ ಬರ್ತದೇನ್ರಿ?"

ಬಾಯಲ್ಲಿ ಜಿಲೇಬಿ ಇತ್ತು. ತಲೆಯಾಡಿಸಿದೆ. ಹೌದೆಂದೋ, ಇಲ್ಲವೆಂದೋ? ಅವರಿಗೆ ಬೇಕಾದಂತೆ.

ಆ ಜಪಾನ್ ಎಲ್ಲಿತ್ತು ಗೊತ್ತೆ? ನಾವು ಬಾಡಿಗೆಗಿದ್ದ, ಹತ್ತಾರು ಸಂಸಾರಗಳ ಹಳೇ ವಾಡೆಯ ಅಂಗಳದಾಚೆ, ನಮ್ಮ ಎದುರುಮನೆಯಲ್ಲಿ.

ಎಪ್ಪತ್ತರ ದಶಕದ ಮಾತು. ಆ ಮನೆಯಲ್ಲಿದ್ದವರು ಧಾರವಾಡದ ಕಡೆಯ ಗಂಡಹೆಂಡತಿ. ಗಂಡ ಕಾರ್ಖಾನೆಯಲ್ಲಿ. ಹೆಂಡತಿಯನ್ನು ಇಡೀ ವಾಡೆ 'ವೈನಿ' ಎನ್ನುತ್ತಿತ್ತು, ಅಂದರೆ ಅತ್ತಿಗೆ. ಅವರಿಗೂ ಒಂದು ಹೆಸರಿದೆ ಎಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ದರ್ಜಿಗಳು ಬ್ಲೌಸಿನ ಗುಂಡಿಗೆ ಬಟ್ಟೆ ಕೂರಿಸಲು ಒಂದು ಸಣ್ಣ ಕೈಪ್ರೆಸ್ ಇಟ್ಟುಕೊಂಡಿರುತ್ತಾರಲ್ಲ? ಅಂಥದ್ದೊಂದು ವೈನಿಯ ಬಳಿ ಇತ್ತು. ಖಣದ ತುಂಡಿನ ಮೇಲೆ ಕಸೂತಿ ಹಾಕಿ, ತಗಡಿನ ಬಿಲ್ಲೆಗೆ ಒತ್ತಿ, ಹಿಂದೆ ಪಿನ್ ಕೂರಿಸುತ್ತಿದ್ದರು. ಆನೆ, ಗೋಪುರ, ಮುತ್ತುಗದ ಹೂವು. ಮುಠಾ ನದಿಯ ಸೇತುವೆ ಹತ್ತಿರ ತಂತಿಯ ಮೇಲೆ ಕಂಡ ಮಿಂಚುಳ್ಳಿ ಮಾರನೆಯ ದಿನವೇ ಬಿಲ್ಲೆಯ ಮೇಲೆ ಕೂತಿತ್ತು, ಅದೇ ಗತ್ತಿನಲ್ಲಿ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಂಬೂರಿ. ಹಳೇ ಸೀರೆಯ ಜರಿ ಎಳೆಯೇ ಅದರ ತಂತಿ. "ಇದೇನ್ರಿ ವೈನಿ, ದಾರ ಸಡಲ ಆಗೇದ?" ಎಂದೆ ಒಮ್ಮೆ.

"ಸಡಲ ಬಿಟ್ಟೀನ್ರಿ. ಹಾಕ್ಕೊಂಡಾಕಿ ನಡದಾಡಿದ್ರ ತಂತಿ ಅಲಗಬೇಕು. ಸುಮ್ಮನ ಕೂತ ತಂಬೂರಿ ಏನ್ ಚಂದ?"

ಅಂಥ ಬೆರಳುಗಳನ್ನು ನಾನು ಆಮೇಲೆ ಕಂಡಿಲ್ಲ.

ಬಿಲ್ಲೆಗಳನ್ನು ನನ್ನ ಅಂಗಡಿಗೆ ಕೊಡುವಾಗ ವೈನಿ ಕೇಳಿದ್ದು ಒಂದೇ. "ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ. ಅಷ್ಟ ಸಾಕು."

"ಹೇಳೇ ಹೇಳ್ತೀನ್ರಿ!" ಎಂದೆ.

ಹೇಳಿದೆನೆ? ಮೊದಲ ದಿನ ಹೇಳಿದೆ. ನಮ್ಮ ವಾಡೆಯಲ್ಲೇ ಮಾಡಿದ್ದೆಂದು ಕೇಳಿ ಕಾಲೇಜು ಹುಡುಗಿಯರು ಮೂಗು ಮುರಿದು ಕೆಳಗಿಟ್ಟರು. ಮರುದಿನದಿಂದ ಯಾರು ಕೇಳಿದರೂ ಮರಾಠಿಯಲ್ಲಿ, "ಇಂಪೋರ್ಟೆಡ್! ಜಪಾನಚಂ ಆಹೇ!" ಫಾರಿನ್ ಸೋಪಿನ ಖಾಲಿ ಡಬ್ಬಿಯನ್ನೂ ಷೋಕೇಸಿನಲ್ಲಿಡುತ್ತಿದ್ದ ಕಾಲ. ಬಿಲ್ಲೆಗಳು ಅಂಗಡಿಯಲ್ಲಿ ನಿಲ್ಲಲೇ ಇಲ್ಲ.

ಒಂದು ಸಂಜೆ ಗಿರಾಕಿಗಳ ಮುಂದೆ ನಾನು ಹೀಗೆ ಜಪಾನ್ ಜಪ ಮಾಡುತ್ತಿದ್ದಾಗ ಹಿಂದೆ ವೈನಿ ನಿಂತಿದ್ದರು. ಕೈಯಲ್ಲಿ ಹೊಸ ಬಿಲ್ಲೆಗಳ ಡಬ್ಬಿ. ಗಿರಾಕಿಗಳು ಹೋಗುವವರೆಗೂ ಕಾದರು. ಆಮೇಲೆ ಗಾಜಿನ ಮೇಲಿದ್ದ ಒಂದು ಬಿಲ್ಲೆ ಎತ್ತಿಕೊಂಡು ಕೇಳಿದರು:

"ಜಪಾನದಾಗೂ ನಮ್ಮ ತುಳಸಿಕಟ್ಟಿ ಅದ ಏನ್ರಿ?"

ನಾನು ನಕ್ಕೆ. ಅವರು ನಗಲಿಲ್ಲ. ಡಬ್ಬಿ ತೆರೆಯದೆ ವಾಪಸ್ಸು ಒಯ್ದರು. ಆ ಕೈಪ್ರೆಸ್ಸಿನ ಸದ್ದು ಮತ್ತೆ ಕೇಳಲಿಲ್ಲ.

ಅಂಗಳ ದಾಟಿ 'ತಪ್ಪಾತ್ರಿ' ಎನ್ನಬಹುದಿತ್ತು. ಅಂಗಡಿಕಾರನ ಗತ್ತು ಬಿಡಬೇಕಲ್ಲ? ಬದಲಿಗೆ ಹೆಂಡತಿಯ ಕೈಯಲ್ಲಿ ಒಂದು ತಾಟು ಬೇಸನ್ ಉಂಡಿ ಕಳಿಸಿದೆ. ಕೊಟ್ಟ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಮರಳಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಈ ಪದ್ಧತಿಯನ್ನು ವೈನಿ ಒಂದು ದಿನವೂ ತಪ್ಪಿಸಿದವರಲ್ಲ.

ಅಂದು ತಾಟು ಬರಿದಾಗಿ ಬಂತು. ಚೆನ್ನಾಗಿ ತೊಳೆದಿತ್ತು.

"ಏನ್ ಮಾಡೀರಿ ನೀವು?" ಎಂದಳು ಹೆಂಡತಿ. ಅವಳಿಗೂ ಹೇಳಲಿಲ್ಲ.

ಮುಂದೆ ಅವರ ಯಜಮಾನರಿಗೆ ಇಂದಾಪುರದ ಕಡೆ ಕೆಲಸವಾಗಿ ಮನೆ ಖಾಲಿ ಮಾಡಿದರು. ಸ್ವಾರಗೇಟ್ ಬಸ್ ನಿಲ್ದಾಣದಿಂದ ಅಲ್ಲಿಗೆ ಎಷ್ಟೊಂದು ಎಸ್‌ಟಿ ಬಸ್ಸುಗಳು! ಹತ್ತದವನು ನಾನು. (ಬೈಸಿಕೊಂಡದ್ದು ಬಸ್ಸುಗಳು.)

ಈಗ ಅವರೆಲ್ಲಿದ್ದಾರೋ ತಿಳಿಯದು. ಆದರೆ ಮದುವೆಯಲ್ಲಿ ಸಿಕ್ಕ ತಾಯಿ ಇದನ್ನು ಓದುತ್ತಾರೆ. ಅಮ್ಮಾ, ಅಂದು ಜಿಲೇಬಿ ನುಂಗಿ ಹೇಳಬೇಕಾದದ್ದನ್ನು ಇಂದು ಹೇಳುತ್ತಿದ್ದೇನೆ, ಕೇಳಿ: ನಿಮ್ಮ ಸೆರಗಿನ ತುಳಸಿಕಟ್ಟೆ ಮಾಡಿದವರು ಕಮಲಾಬಾಯಿ ಹೆಬ್ಬಳ್ಳಿ.