ದೊಡ್ಡಪ್ಪನಿಗೆ ಹಾಕಿಸಿದ ಕೋಟು

ಯುದ್ಧ ನಡೆಯುವ ಊರುಗಳಿಗೆ ಹೋಗಿ ಪತ್ರಿಕೆಗಳಿಗೆ ಫೋಟೋ ತೆಗೆಯುವುದು ನನ್ನ ಕೆಲಸ. ನಮ್ಮೂರು ತೆರಕಣಾಂಬಿಯಲ್ಲಿ ಇದನ್ನು ವಿವರಿಸಲು ವರ್ಷಗಟ್ಟಲೆ ಪ್ರಯತ್ನಪಟ್ಟು ಸೋತು ಕೈಬಿಟ್ಟಿದ್ದೇನೆ. ಟೀ ಅಂಗಡಿಯಲ್ಲಿ ಹಳೆಯ ಗೆಳೆಯನೊಬ್ಬ, "ಬಾಂಬ್ ಬೀಳೋವಾಗ 'ಒಸಿ ನಗಿ ಸಾರ್' ಅಂತೀಯೇನ್ಲಾ?" ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಲಗ್ನಪತ್ರಿಕೆ ಕೊಡಲು ಬರುವವರಂತೂ "ಕ್ಯಾಮೆರಾ ತಕ್ಕೊಂಡೇ ಬಾ" ಎನ್ನುವುದನ್ನು ಇವತ್ತಿಗೂ ಮರೆಯುವುದಿಲ್ಲ.

ಈ ಊರಿನಲ್ಲಿ ನನ್ನನ್ನು ಸಾಕಿದವಳು ದೊಡ್ಡವ್ವ, ನನ್ನ ತಾಯಿಯ ಅಕ್ಕ. ಕಳೆದ ಸಲ ಬಂದಾಗ ನಾನು ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ಮಗ, ನಂದೂ ನಿನ್ ದೊಡ್ಡಪ್ಪಂದೂ ಜೋಡಿ ಫೋಟೋ ಒಂದು ಮಾಡ್ಕೊಡು."

ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಗಿತ್ತು.

"ಯಾಕ್ಲಾ ಅಂಗ್ ನೋಡೀಯೆ? ನಂಗೇನ್ ಬುದ್ಧಿ ಕೆಟ್ಟಿಲ್ಲ ಕಣ. ಕೂಡ್ಸಿ ಕೊಡು ಅಂದೆ."

ಅವರ ಮದುವೆಯಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಆಮೇಲೆ ಅವನು ಬಂಡೀಪುರದ ಕಾಡು ಕಾಯುವ ವಾಚರ್, ಇವಳು ಹೊಲದಲ್ಲಿ. ಅಕ್ಕಪಕ್ಕದ ಮನೆಗಳ ಗೋಡೆಯ ಮೇಲೆ ಗಂಡ ಹೆಂಡತಿ ಜೋಡಿಯಾಗಿ ಕೂತಿದ್ದರೆ, ನಮ್ಮ ಗೋಡೆಯ ಮೇಲೆ ಹಲ್ಲಿ ಒಂಟಿಯಾಗಿ ಓಡಾಡುತ್ತಿತ್ತು. "ನಾನೂ ಸತ್ಮೇಲೆ, ನಾವಿಬ್ರೂ ಒಂದ್ ಮನೇಲಿ ಬಾಳಿದ್ದೋ ಅನ್ನಾಕೆ ಏನ್ಲಾ ಸಾಕ್ಷಿ?" ಎಂದಳು.

ದೊಡ್ಡಪ್ಪನದು ಉಳಿದದ್ದು ಒಂದೇ ಚಿತ್ರ, ಕೆಲಸದ ಗುರುತಿನ ಚೀಟಿಯಲ್ಲಿ. ಭುಜದ ಮೇಲೆ ಅರ್ಧ ಸೀಲು ಕೂತಿದೆ. ಆನೆ ಅಡ್ಡ ಬಂದಾಗಲೂ ಆರಾಮಾಗಿ ಬೀಡಿ ಹಚ್ಚಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ ಮನುಷ್ಯ, ಆ ಚಿತ್ರದಲ್ಲಿ ಕಣ್ಣು ಬಿಟ್ಟುಕೊಂಡು ಹೆದರಿ ನಿಂತಿದ್ದಾನೆ.

ನಾನು ದೊಡ್ಡವ್ವನಿಗೆ ಭಾಷಣ ಬಿಗಿದೆ. ನಮ್ಮ ವೃತ್ತಿಯಲ್ಲಿ ಇಲ್ಲದ್ದನ್ನು ಸೇರಿಸುವ ಹಾಗಿಲ್ಲ, ಇದ್ದದ್ದನ್ನು ಅಳಿಸುವ ಹಾಗಿಲ್ಲ, ರಸ್ತೆಯ ಒಂದು ಕಲ್ಲು ಅಳಿಸಿದರೂ ಕೆಲಸ ಹೋಗುತ್ತದೆ ಎಂದೆ. ಅವಳು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅಲ್ಲಿ ಸತ್ತೋರ್ನ ಸತ್ತಂಗೇ ತೋರುಸ್ತೀಯೆ, ಸರಿ ಬುಡು. ಇಲ್ಲೊಬ್ರುನ್ನ ಬದುಕಿದ್ದಂಗೆ ತೋರುಸ್ದ್ರೆ ಯಾರ್ಗ್ಲಾ ನಷ್ಟ?"

ಹಟದಲ್ಲಿ ನಾನೂ ಅವಳೇ ಸಾಕಿದವನು. ಮರುದಿನ ಬೆಳಿಗ್ಗೆ ಒಂದು ಉಪಾಯ ಮಾಡಿದೆ. ಅವಳನ್ನು ಜಗುಲಿಯ ಮೇಲೆ ಕೂರಿಸಿ, ಗುರುತಿನ ಚೀಟಿಯನ್ನು ಎದೆಯ ಹತ್ತಿರ ಹಿಡಿದುಕೊಳ್ಳಲು ಹೇಳಿದೆ. ಸುಳ್ಳೂ ಇಲ್ಲ, ಇಬ್ಬರೂ ಇದ್ದಾರೆ! ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಪೆಟ್ಟಿಗೆಯಿಂದ ತೆಗೆದ ಹಸಿರು ಸೀರೆ ಉಟ್ಟಿದ್ದ ದೊಡ್ಡವ್ವ ನೆಟ್ಟಗೆ ನನ್ನ ಕಡೆ ನೋಡಿದಳು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ.

ಬೆರಳು ಅಲ್ಲೇ ನಿಂತಿತು. ಇಂಥ ಹೆಂಗಸರ ಫೋಟೋ ಎಷ್ಟು ಊರುಗಳಲ್ಲಿ ತೆಗೆದಿದ್ದೇನೋ ನನಗೇ ಲೆಕ್ಕವಿಲ್ಲ. ಕುಸಿದ ಮನೆಯ ಮುಂದೆ, ಗಂಡನದೋ ಮಗನದೋ ಪುಟ್ಟ ಚಿತ್ರವನ್ನು ಎದೆಗೆ ಹಿಡಿದು ಹೀಗೇ ನೋಡುತ್ತಿದ್ದವರು. ಬೆಳಕು ಸರಿಯಿದೆಯೇ ಎಂದು ನೋಡಿಕೊಂಡು, ಕ್ಲಿಕ್ ಮಾಡಿ ಮುಂದೆ ಹೋಗಿದ್ದೆ. ನಿಮಗೆ ಎಂಥ ಫೋಟೋ ಬೇಕಿತ್ತು ಎಂದು ಒಬ್ಬಳನ್ನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಏನ್ಲಾ, ಕೆಟ್ಟೋಯ್ತಾ ನಿನ್ ಡಬ್ಬ?" ಎಂದಳು ದೊಡ್ಡವ್ವ.

"ಚೀಟಿ ಕೆಳಗಿಡು ದೊಡ್ಡವ್ವ," ಎಂದೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳೊಬ್ಬಳದೇ ಫೋಟೋ ತೆಗೆದೆ.

ಎರಡೂ ಚಿತ್ರ ಹಿಡಿದು ಗುಂಡ್ಲುಪೇಟೆಯ ಸ್ಟುಡಿಯೋಕ್ಕೆ ಬಸ್ಸಿನಲ್ಲಿ ಹೋದೆ. ಸ್ಟುಡಿಯೋದವನ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಕೋಟುಗಳು ಸಾಲಾಗಿ ಕಾಯುತ್ತಿದ್ದವು. ಸೀಲು ಅಳಿಸಿ, ದೊಡ್ಡಪ್ಪನಿಗೆ ಜನ್ಮದಲ್ಲಿ ತೊಡದಿದ್ದ ನೀಲಿ ಕೋಟು ತೊಡಿಸಿದ. "ಅಮ್ಮಾವ್ರಿಗೆ ಕಾಸಿನ ಸರ ಹಾಕನಾ ಸಾರ್?" ಎಂದ. ಹಾಕಪ್ಪ ಎಂದೆ. ಒಂದು ಕಲ್ಲಿನ ಬಗ್ಗೆ ಭಾಷಣ ಮಾಡಿದ್ದ ನಾನೇ ಅವನ ಹಿಂದೆ ನಿಂತು, "ಭುಜ ಇನ್ನೂ ಸ್ವಲ್ಪ ಹತ್ತಿರಕ್ಕೆ ಬರಲಿ," ಎನ್ನುತ್ತಿದ್ದೆ. ಮುಖವನ್ನು ತಿದ್ದಲು ಮಾತ್ರ ಬಿಡಲಿಲ್ಲ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದುಕೊಂಡೆ.

ಕಟ್ಟು ಹಾಕಿಸಿದ ಫೋಟೋವನ್ನು ದೊಡ್ಡವ್ವ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಗಾಜು ಒರೆಸಿದಳು.

"ಕೋಟು ಬಿಗಿಯಾಯ್ತು ಕಣ, ಅವ್ರಿಗೆ ಸೆಕೆ ತಡಿಯಾಕಾಗಲ್ಲ." ಮತ್ತೆ ಒರೆಸಿದಳು. "ಆದ್ರೂ ನೋಡ್ಲಾ, ನಾನು ಪಕ್ಕದಲ್ಲಿ ಕುಂತ್ಮೇಲೆ ಮುಖದಲ್ಲಿ ಎದ್ರಿಕೆ ಓಗ್ಬುಟ್ಟದೆ."

ಆ ಕಣ್ಣುಗಳನ್ನು ಯಾರೂ ಮುಟ್ಟಿರಲಿಲ್ಲ. ನಾನೂ ಬಗ್ಗಿ ನೋಡಿದೆ. ಹೋಗಿತ್ತು.